ಜೇಡನ ಎಳೆಗೆ ತಾಗಿದ ದೃಷ್ಟಿ

ಲಾಝರೋಸ್ ಕಾರ್ವೂನಿಸ್ ಮಾಡಿದ ತಪ್ಪು ಒಂದೇ: ಬೆಳಿಗ್ಗೆ ಗಾಳಿಯಾಡಲೆಂದು ಕಿಟಕಿ ತೆರೆದದ್ದು. ಗ್ರೀಸಿನ ಗಡಿಯಂಚಿನ ನಮ್ಮ ಸೂಫ್ಲಿಯಲ್ಲಿ ಕಿಟಕಿ ತೆರೆಯುವುದೂ ಡಂಗುರ ಸಾರುವುದೂ ಒಂದೇ.

ಜೇಡನ ನೂಲಿನೊಳಗೆ ಪ್ರೋಟೀನು ಹೇಗೆ ಹೆಣೆದುಕೊಂಡಿದೆ ಎಂದು ಹುಡುಕುತ್ತಾ ಅವನು ಅರ್ಧ ಆಯುಸ್ಸು ಸವೆಸಿದ್ದ. ಕೂದಲು ಹೋಯಿತು, ಕಣ್ಣು ಮಂಜಾಯಿತು, ಮದುವೆಯಾಗಬೇಕಿದ್ದವಳು ಕಾದು ಸಾಕಾಗಿ ಟೋಪಿ ವ್ಯಾಪಾರಿಯನ್ನು ಕಟ್ಟಿಕೊಂಡಳು. ಉಳಿದದ್ದು ಹಳೆಯ ರೇಷ್ಮೆ ಮನೆಯ ಕೆಳಗಿನ ಕೋಣೆ, ಹಿತ್ತಾಳೆ ಚೌಕಟ್ಟಿಗೆ ಬಿಗಿದು ಅಂಟಿಸಿದ ಒಂದೇ ಒಂದು ಎಳೆ. ಆನೆಯನ್ನು ತೂಗುಹಾಕಿದರೂ ತಡೆದೀತು. ಹನಿ ನೀರು ತಾಗಿದರೆ ಮುದುಡಿ ಅರ್ಧವಾಗುತ್ತದೆ. ಮಧ್ಯಾಹ್ನ ಅಥೆನ್ಸಿನಿಂದ ಪರೀಕ್ಷಕರು ಬರುವವರಿದ್ದರು. ಎಳೆ ಬಿಗಿಯಾಗಿ ಕಂಡರೆ ಕೋಣೆ ಅವನದು. ಇಲ್ಲದಿದ್ದರೆ ಪಕ್ಕದ ಕಾಫಿ ಅಂಗಡಿಯ ಪಾಸ್ಖಾಲಿಸನ ಕುರ್ಚಿಗಳದು.

ಬಿಸಿಲು ಬಿದ್ದು ಎಳೆ ಹೊಳೆಯಿತು. ಕಿಟಕಿಯಲ್ಲಿ ಎವ್ದೋಕಿಯಾ ಅತ್ತೆಯ ತಲೆ ಉದಯಿಸಿತು.

"ಲಾಝರೋ, ಇಷ್ಟು ಚೆಂದದ್ದನ್ನ ಹಿಂಗೆ ಬಯಲಿಗೆ ಇಡ್ತಾರೇನೋ? ದೃಷ್ಟಿ ಆಗುತ್ತೆ. ಇರು, ಉಗೀತೀನಿ."

ಚೆಂದದ್ದನ್ನು ಹೊಗಳಿದವರು ಮೂರು ಸಲ ಉಗಿಯದಿದ್ದರೆ ಅದು ಉಳಿಯುವುದಿಲ್ಲ ಎಂಬುದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಅದರಲ್ಲೂ ಅತ್ತೆಯ 'ಥೂ' ಸದ್ದಿಗೆ ಎವ್ರೋಸ್ ನದಿಯಾಚೆ ಟರ್ಕಿಯ ನಾಯಿಗಳು ಬೊಗಳುತ್ತವೆ.

ಲಾಝರೋಸ್ ಹಾರಿ ಹೋಗಿ ಕಿಟಕಿ ಮುಚ್ಚಿದ. "ಉಗೀಬೇಡಿ ಅತ್ತೆ, ಕಾಲಿಗೆ ಬೀಳ್ತೀನಿ."

"ನಿನ್ನ ನಾಮಕರಣದಲ್ಲೂ ನಾನೇ ಉಗಿದಿದ್ದು. ನೋಡು, ಹೆಂಗೆ ಬೆಳೆದಿದ್ದೀಯ." ಅತ್ತೆ ಗಾಜಿನಾಚೆಯಿಂದ ಅವನ ಬೋಳುತಲೆಯನ್ನು ನೋಡಿದಳು. "ಸ್ವಲ್ಪ ಕಮ್ಮಿ ಆಯ್ತೇನೋ."

ಆಮೇಲೆ ಪಾಸ್ಖಾಲಿಸ್ ಅಳತೆ ಟೇಪು ಹಿಡಿದು ಬಂದ.

"ಕೋಣೆ ಅಳೆಯೋಕಲ್ಲಪ್ಪ, ನೂಲು ನೋಡೋಕೆ ಬಂದೆ. ಆಹಾ, ಏನು ಹೊಳಪು..." ಎನ್ನುತ್ತಾ ತುಟಿ ಗುಂಡಗೆ ಮಾಡಿದ. ಲಾಝರೋಸ್ ತನ್ನ ತಿಂಡಿಯ ಪಾಲಕ್ ಪೀತಾವನ್ನು ಇಡಿಯಾಗಿ ಆ ಬಾಯಿಗೆ ತುರುಕಿದ. ಉಪವಾಸ ಉಳಿದದ್ದು ತಾನೇ.

ಅಂದು ತಿಂಗಳ ಮೊದಲ ದಿನ. ಅತ್ತೆ ಸುಮ್ಮನಿರುವವಳೇ? ಮನೆಮನೆಗೆ ತೀರ್ಥ ಚಿಮುಕಿಸುತ್ತಿದ್ದ ಪಾದ್ರಿಯನ್ನು ಹಿಡಿದು ತಂದಳು. ಪಾದ್ರಿ ಕಾಮಕಸ್ತೂರಿಯ ಕಂತೆ ಅದ್ದಿ ಬೀಸಿದರು. ಲಾಝರೋಸ್ ಕೊಡೆ ಬಿಚ್ಚಿ ಚೌಕಟ್ಟಿನ ಮೇಲೆ ಕವುಚಿ ಬಿದ್ದ. ನೋಹನ ಕಾಲದಲ್ಲೂ ಅಷ್ಟು ನೀರು ಬಿದ್ದಿರಲಿಕ್ಕಿಲ್ಲ. ಅವನ ಬೆನ್ನು ತೊಯ್ದಿತು, ಎಳೆ ಒಣಗಿಯೇ ಇತ್ತು.

ಅದೇ ಭಂಗಿಯಲ್ಲಿ ಪರೀಕ್ಷಕಿ ಶ್ರೀಮತಿ ವೆರ್ನಾರ್ದು ಅವನನ್ನು ಕಂಡರು. ಅವರು ಎಂದಾದರೂ ನಕ್ಕಿದ್ದರೆಂಬುದಕ್ಕೆ ಸಾಕ್ಷಿಗಳಿಲ್ಲ.

"ಇದು ಏನು ಪದ್ಧತಿ?"

"ಸಾಕಾಗಿದೆ ಮೇಡಂ. ನೋಡಿಬಿಡಿ," ಎಂದ ಲಾಝರೋಸ್.

ಅವರು ಮಸೂರಕ್ಕೆ ಕಣ್ಣಿಟ್ಟು ಬಹಳ ಹೊತ್ತು ಬಾಗಿದರು. ಇಡೀ ಊರು ಕಿಟಕಿಯ ಗಾಜಿಗೆ ಮೂಗು ಒತ್ತಿ ನಿಂತಿತ್ತು.

"ನನ್ನ ಜೀವಮಾನದಲ್ಲಿ ಇಷ್ಟು ಚೆಂದದ ಎಳೆ ನೋಡಿಲ್ಲ," ಎಂದರು. ಲೇಖನಿ ತೆಗೆದರು. ಮುಚ್ಚಳ ಬಿಚ್ಚಿದರು. ಉಗಿಯಲಿಲ್ಲ.

ಹೊರಗೆ ಊರು ನಿಟ್ಟುಸಿರಿಟ್ಟಿತು. ಲಾಝರೋಸ್ ಕಾದ. ಈಗ ಉಗಿದಾರು ಎಂದು ಹೆದರಿ ಕಾದ; ಉಗಿಯಲಿಲ್ಲವಲ್ಲ ಎಂದು ಇನ್ನೂ ಹೆದರಿದ. ಅಷ್ಟು ದೊಡ್ಡ ಹೊಗಳಿಕೆ ಕೋಣೆಯ ನಡುವೆ ಬತ್ತಲೆ ನಿಂತಿತ್ತು. ಅರ್ಧ ಆಯುಸ್ಸಿನ ವಿಜ್ಞಾನ ಬಾಯಿ ತೆರೆಯುವ ಮೊದಲೇ ಅಜ್ಜಿ ಕಲಿಸಿದ ತುಟಿಗಳು ತಾವಾಗಿ ಗುಂಡಗಾದವು.

"ಥೂ, ಥೂ, ಥೂ."

ಎಳೆ ಒಮ್ಮೆ ನಡುಗಿತು, ಸರ್ರನೆ ಮುದುಡಿತು, ಎರಡೂ ಕಡೆ ಅಂಟು ಬಿಟ್ಟು ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಶ್ರೀಮತಿ ವೆರ್ನಾರ್ದು ಕನ್ನಡಕ ಒರೆಸಿಕೊಂಡು ಮತ್ತೆ ಮಸೂರದಲ್ಲಿ ನೋಡಿದರು. ಲೇಖನಿಗೆ ಮುಚ್ಚಳ ಹಾಕಿದರು. ಹೊರಟುಹೋದರು.

ಪಾಸ್ಖಾಲಿಸ್ ಮೊದಲ ಕುರ್ಚಿ ಒಳಗೆ ತಂದ. "ಕೂತ್ಕೊಳಪ್ಪ, ಸುಸ್ತಾಗಿದ್ದೀಯ."

ಲಾಝರೋಸ್ ಕುಳಿತ. ಎವ್ದೋಕಿಯಾ ಅತ್ತೆ ಬಂದು ಅವನ ಗಲ್ಲ ಒರೆಸಿದಳು.

"ಅಲ್ಲೋ ಮಗಾ, ನಾವೆಲ್ಲ ಬಾಯಲ್ಲಿ ಬರೀ ಸದ್ದು ಮಾಡೋದು ಕಣೋ. ನಿಜವಾಗ್ಲೂ ಯಾರಾದ್ರೂ ಉಗೀತಾರಾ?"