ನಾಲಿಗೆ ನಂಬಿದ ಪೊಲೀಸು

ಪೊಲೀಸ್ ಇಲಾಖೆಯಲ್ಲಿ ಬುದ್ಧಿಯಿಂದ ಮೇಲೆ ಬಂದವರಿದ್ದಾರೆ, ಲಾಠಿಯಿಂದ ಮೇಲೆ ಬಂದವರಿದ್ದಾರೆ. ನಾಲಿಗೆಯಿಂದ ಹೆಡ್ ಕಾನ್‌ಸ್ಟೇಬಲ್ ಆದವನು ನನ್ನ ತಮ್ಮನೊಬ್ಬನೇ! ಮಾತಿನಿಂದ ಎಂದುಕೊಂಡಿರಾ? ಮಾತು ಅವನಿಗೆ ಬರುವುದೇ ಇಲ್ಲ. ಸಿಕ್ಕಿದ್ದನ್ನೆಲ್ಲ ಬೆರಳಲ್ಲಿ ಮುಟ್ಟಿ, ನಾಲಿಗೆಗೆ ಹಚ್ಚಿ, ಇಂಥದ್ದೇ ಎಂದು ಹೇಳಿಬಿಡುತ್ತಿದ್ದ. ಕಳ್ಳಭಟ್ಟಿ ಯಾವ ಊರಿನದು ಎಂಬುದನ್ನೂ ಆ ನಾಲಿಗೆ ಹೇಳುತ್ತಿತ್ತು.

ಒಮ್ಮೆ ಶಿವನಿ ರೈಲ್ವೆ ಸ್ಟೇಷನ್ನಿನಲ್ಲಿ ವಾರಸುದಾರರಿಲ್ಲದ ಚೀಲ ಸಿಕ್ಕಿತಂತೆ, ಒಳಗೆ ಬಿಳಿ ಪುಡಿ. ಸಾಹೇಬರು ದೂರ ನಿಂತು ಯಾರ್ಯಾರಿಗೋ ಫೋನು ಮಾಡುತ್ತಿದ್ದರೆ ಇವನು ರುಚಿ ನೋಡಿ, “ರಂಗೋಲಿ ಪುಡಿ ಸಾರ್, ಸುಣ್ಣ ಬೆರ್ಸವ್ರೆ” ಎಂದ. ಕಲಬೆರಕೆ ಕೇಸು ಹಾಕಬೇಕೋ ಬೇಡವೋ ಎಂಬುದೇ ಆಮೇಲಿನ ಚರ್ಚೆ!

ಮದುವೆ ಆಗದವನು. ಅಜ್ಜಂಪುರದ ನನ್ನ ಮನೆಯಲ್ಲೇ ಊಟ, ವಾಸ. ಒಂದು ದಿನ ಇಲಿಗೆಂದು ಇಟ್ಟಿದ್ದ ಪಾಷಾಣದ ಪೊಟ್ಟಣ ಬಿಚ್ಚಿ ಬೆರಳಿಟ್ಟಿದ್ದ. ಸೌಟಿನಿಂದ ಕೈಗೆ ಬಾರಿಸಿದೆ. ಕೈ ಊದಿತು, ಜೀವ ಉಳಿಯಿತು. ಅದೇ ಕೈ ತೋರಿಸಿ ಮೂರು ದಿನ ರಜೆಯನ್ನೂ ಹಾಕಿದ.

ಈಗ ಹೊಸ ಮಾದಕ ಪುಡಿಗಳು ಬಂದಿವೆಯಂತೆ. ಅಫೀಮಿನ ಗಿಡದಿಂದ ತೆಗೆದದ್ದಲ್ಲ, ರಾಸಾಯನಿಕ ಬೆರೆಸಿ ಮಾಡಿದ್ದು. ಉಪ್ಪಿನ ಹರಳಷ್ಟು ಒಳಗೆ ಹೋದರೂ ಉಸಿರು ನಿಲ್ಲಬಹುದಂತೆ. ಅದನ್ನು ಹೇಗೆ ಹಿಡಿಯಬೇಕೆಂದು ಕಡೂರಿನಲ್ಲಿ ಪೊಲೀಸರಿಗೆ ತರಬೇತಿ ಇಟ್ಟರು. ಕಲಿಸಲು ಬಂದ ಹೆಣ್ಣು ಅಧಿಕಾರಿ ಮೇಜಿನ ಮೇಲೆ ಪುಡಿ ಇಟ್ಟು, ಇದೇನಿರಬಹುದು ಎಂದು ಕೇಳಿದರಂತೆ. ನಮ್ಮವನು ಎದ್ದು ಹೋಗಿ ನೆಕ್ಕಿ, “ಮೈದಾ ಮೇಡಂ, ಹಳೇದು” ಎಂದ.

“ಮೈದಾನೇ ಕಣ್ರೀ. ಆದ್ರೆ ನೀವು ಸತ್ತೋದ್ರಿ. ಹೋಗಿ ಅಲ್ಲಿ ಮಲಕ್ಕಳಿ.”

ತರಬೇತಿಯ ಮೂರು ದಿನವೂ ಅವನಿಗೆ ಹೆಣದ ಕೆಲಸ! ಉಳಿದವರು ಸರದಿಯಲ್ಲಿ ಅವನನ್ನು ಅಲುಗಾಡಿಸಿ, ಗದ್ದ ಎತ್ತಿ, ಬಾಯಿಗೆ ಊದುವ ಮಾಸ್ಕಿಟ್ಟು ಅದರೊಳಗಿಂದ ಉಸಿರು ತುಂಬುವುದನ್ನು ಕಲಿತರು. ಊಟವಾದ ಮೇಲೆ ಹೆಣ ಗೊರಕೆ ಹೊಡೆಯಿತು. ಆಯಮ್ಮ ಬಿಡುತ್ತಾರೆಯೇ? ಅದನ್ನೂ ಪಾಠ ಮಾಡಿದರು. ಪುಡಿ ಒಳಗೆ ಹೋದವನೂ ಹೀಗೇ ಗೊರಗುಟ್ಟುತ್ತಾನೆ, ನಿದ್ದೆ ಎಂದು ಬಿಟ್ಟು ಹೋಗಬೇಡಿ ಎಂದರಂತೆ.

ಹಿಂದಿರುಗಿದವನು ನನ್ನ ಅಡುಗೆಮನೆಯನ್ನೇ ಠಾಣೆ ಮಾಡಿದ. ಖಾರದ ಪುಡಿ ಡಬ್ಬ ತೆಗೆಯಲು ಮೊದಲು ಫ್ಯಾನು ಆರಿಸಬೇಕು, ಕೈಗೆ ಗ್ಲೌಸು, ಮೂಗಿಗೆ ಮಾಸ್ಕು, ಪಕ್ಕದಲ್ಲೊಬ್ಬರು.

“ಮುಟ್ಟಿದ್ ಮಾತ್ರಕ್ಕೆ ಸಾಯಲ್ಲ ಕಣಕ್ಕಾ, ಸೋಪು ನೀರಲ್ಲಿ ತೊಳ್ಕೊಂಡ್ರಾಯ್ತು. ಬಾಯಿಗೆ, ಮೂಗಿಗೆ ಹೋಗ್ಬಾರ್ದು.”

“ಇದು ಬ್ಯಾಡಗಿ ಮೆಣಸಿನಕಾಯಿ ಕಣೋ, ನಾನೇ ಕುಟ್ಟಿಸ್ಕೊಂಡು ಬಂದಿದ್ದು.”

“ಅದನ್ನ ಲ್ಯಾಬಿನೋರು ಹೇಳ್ಬೇಕು.”

ನಾನು ನಕ್ಕೆ. ಆದರೆ ಅವನ ಬೆರಳಿನ ಮೇಲೆ ನನ್ನ ಕಣ್ಣಿತ್ತು. ಮೂವತ್ತು ವರ್ಷದ ಚಟ ಮೂರು ದಿನಕ್ಕೆ ಹೋಗುತ್ತದೆಯೇ? ಸಕ್ಕರೆ ಚೆಲ್ಲಿದ್ದರೂ ಬೆರಳು ತಾನಾಗಿ ಎದ್ದು ತುಟಿಯ ತನಕ ಹೋಗಿ ನಿಲ್ಲುತ್ತಿತ್ತು. ಒಂದು ದಿನ ನಿಲ್ಲದೆ ಹೋದರೆ?

ಮೊನ್ನೆ ಬೆಳಿಗ್ಗೆ ತರೀಕೆರೆಯ ಒಂದು ಲಾಡ್ಜಿನಲ್ಲಿ ತಪಾಸಣೆ. ಪುಡಿಯ ಪೊಟ್ಟಣ ಸಿಕ್ಕಿತು. ಇವನು ಹಿಂದೆ ಸರಿದು, ಫ್ಯಾನು ಆರಿಸಲು ತಿರುಗಿದ್ದಾನೆ. ಅಷ್ಟರಲ್ಲಿ ಜೊತೆಗಿದ್ದ ಪೇದೆ ಬೆರಳಿಗೆ ಹಚ್ಚಿ ನಾಲಿಗೆಗಿಟ್ಟ. ಅವನು ತರಬೇತಿಗೆ ಹೋದವನಲ್ಲ. ರುಚಿ ನೋಡುವುದನ್ನು ನನ್ನ ತಮ್ಮನಿಂದಲೇ ಕಲಿತವನು. ಸ್ವಲ್ಪ ಹೊತ್ತಿಗೆ ಗೋಡೆಗೆ ಒರಗಿ ಕುಸಿದ, ತುಟಿ ನೀಲಿಯಾಯಿತು. ಆಂಬುಲೆನ್ಸ್ ಬಂದು ಅಮಲು ಇಳಿಸುವ ಸೂಜಿ ಚುಚ್ಚುವ ತನಕ ನನ್ನ ತಮ್ಮ ಅವನ ಬಾಯಿಗೆ ತರಬೇತಿಯಲ್ಲಿ ಕೊಟ್ಟ ಮಾಸ್ಕಿಟ್ಟು ಉಸಿರು ಊದುತ್ತಲೇ ಇದ್ದನಂತೆ. ಪೇದೆ ಉಳಿದ.

ಮಧ್ಯಾಹ್ನ ಮನೆಗೆ ಬಂದು ಅಂಗಳದಲ್ಲೇ ನಿಂತು ಇಷ್ಟನ್ನೂ ಹೇಳಿದ.

“ನಾನೇ ಕಲ್ಸಿದ್ದು ಕಣಕ್ಕಾ.”

“ಬದುಕ್ಸಿದ್ದೂ ನೀನೇ. ಬಂದು ಉಣ್ಣು.”

ಉಣ್ಣಲಿಲ್ಲ. ನಾನು ಚಾಪೆ ಹಾಸಿ ಅಡ್ಡಾದೆ. ಇನ್ನೂ ನಿದ್ದೆ ಹತ್ತಿರಲಿಲ್ಲ. ಅವನು ಪಕ್ಕಕ್ಕೆ ಬಂದು ಕೂತ ಸದ್ದಾಯಿತು. ರೆಪ್ಪೆ ಸಂದಿಯಲ್ಲಿ ನೋಡಿದರೆ, ನನ್ನ ಮೂಗಿನ ಬಳಿ ಅಂಗೈ ಹಿಡಿದು ಕೂತಿದ್ದ. ಬೈಗುಳ ಬಾಯಿಗೆ ಬಂದರೂ, ಕಣ್ಣು ಮುಚ್ಚಿಕೊಂಡೇ, ಅವನ ಅಂಗೈಗೆ ತಾಗುವ ಹಾಗೆ ಜೋರಾಗಿ ಉಸಿರು ಬಿಟ್ಟೆ.