ಮಾವ ಕಟ್ಟಿದ ಬೆಲೆ

ನಮ್ಮ ಸೋದರಮಾವನನ್ನು ಮನೆಯೊಕ್ಕಲಿಗೆ ಕರೆಯುವವರಿಗೆ ನನ್ನದೊಂದು ಎಚ್ಚರಿಕೆ: ಅವರು ಕಾಲಿಟ್ಟ ಕೂಡಲೇ ನಿಮ್ಮ ಹೊಸ ಮನೆ ಹಳೆಯದಾಗಿಬಿಡುತ್ತದೆ! ನನ್ನ ಮನೆಯೊಕ್ಕಲಿನ ದಿನ ಹೋಮದ ಹೊಗೆಯ ನಡುವೆಯೇ ಗೋಡೆ ಕುಟ್ಟಿ ನೋಡಿ, "ಇವತ್ತೇ ಮಾರ್ರೆ ಹಾಕಿದ್ ದುಡ್ಡೂ ಹುಟ್ಟುದಿಲ್ಲೆ ಮಾರಾಯ" ಎಂದರು. ಪುರೋಹಿತರಿಗೆ ಮಂತ್ರವೇ ಮರೆತುಹೋಯಿತು.

ತಪ್ಪು ತಿಳಿಯಬೇಡಿ, ಅವರ ಕಸುಬೇ ಅದು. ಮುಂಬಯಿಯಲ್ಲಿ ಒಂದು ಕಂಪೆನಿ ಇನ್ನೊಂದನ್ನು ಕೊಳ್ಳುವಾಗ ಬೆಲೆ ಎಷ್ಟೆಂದು ಹೇಳುತ್ತಿದ್ದವರು. ಊರಿಗೆ ಮರಳಿದ ಮೇಲೆ, ಕುಂದಾಪುರದ ಹೋಟೆಲು ಕೈ ಬದಲಾದರೂ ಮಾವ ಬೇಕು, ಬೈಂದೂರಿನ ಎರಡು ಬಸ್ಸಿನವರು ಒಂದಾದರೂ ಮಾವ ಬೇಕು. ಅವರ ಪ್ರಕಾರ ದಾರಿ ಮೂರು. ಇರುವ ಬೆಂಚು, ಗ್ರೈಂಡರುಗಳನ್ನೆಲ್ಲ ಮಾರಿದರೆ ಎಷ್ಟು ಹುಟ್ಟುತ್ತದೆ? ಪಕ್ಕದೂರಿನಲ್ಲಿ ಅಂಥದ್ದೇ ಎಷ್ಟಕ್ಕೆ ಹೋಯಿತು? ಮುಂದೆ ಬರಬಹುದಾದ ಲಾಭಕ್ಕೆ ಇವತ್ತು ಎಷ್ಟು ಕೊಡಬಹುದು? ಮೂರನೆಯದೆಂದರೆ ಮಾವನಿಗೆ ಪ್ರಾಣ. ಎದುರಿದ್ದವರ ಪ್ರಾಣ ಹೋಗುವುದೂ ಅದರಲ್ಲೇ!

ಬ್ರಹ್ಮಾವರದ ಹೋಟೆಲೊಂದಕ್ಕೆ ಬೆಲೆ ಕಟ್ಟಲು ಹೋಗುವಾಗ ನನ್ನನ್ನೂ ಕರೆದೊಯ್ದಿದ್ದರು. ಗಲ್ಲಾದಲ್ಲಿ ಕೂತಿದ್ದ ಹಿರಿಯ ಮಾಲೀಕರು ಬಿಸಿ ಬನ್ಸ್ ತರಿಸಿ ಉಪಚರಿಸಿದರು. ತಿಂದು ಬಾಯಿ ಒರೆಸಿಕೊಂಡ ಮಾವ, "ಹ್ವಾಯ್, ನೀವ್ ಸತ್ ಮೇಲೆ ಇಲ್ಲಿಗ್ ಎಷ್ಟ್ ಗಿರಾಕಿ ಬತ್ರ್?" ಎಂದು ಕೇಳಬೇಕೇ!

ನಾನು ಕೈಯಲ್ಲಿದ್ದ ಬನ್ಸನ್ನು ತಟ್ಟೆಗೇ ವಾಪಸು ಇಟ್ಟೆ. ಮಾಲೀಕರು ಎದೆ ಹಿಡಿದುಕೊಂಡರು. "ಬಿಲ್ ಕೊಡೂಕೆ ಮನಸಿಲ್ದಿರೆ ಬ್ಯಾಡ ಮಾರಾಯ್ರೆ, ಶಾಪ ಎಂತಕ್ಕೆ?"

ಇಂಥ ಮಾವನನ್ನು ನನ್ನ ಅಕ್ಕನ ಗಂಡ ತಾವಾಗಿಯೇ ಕರೆಸಿಕೊಂಡರೆಂದರೆ ನಂಬುತ್ತೀರಾ? ಕಿರಿಮಂಜೇಶ್ವರದ ಕಡೆ ಬಾವನದೊಂದು ಐಸ್ ಪ್ಲಾಂಟು. ಆರೋಗ್ಯ ಕೈಕೊಟ್ಟಿತ್ತು, ಮೀನು ರಫ್ತಿನ ಕಂಪೆನಿಯೊಂದು ಅದನ್ನು ಕೊಳ್ಳಲು ಬಂದಿತ್ತು. ಬಂದ ದುಡ್ಡಿನಲ್ಲೇ ಅವರ ಮುಂದಿನ ಬದುಕು. ಮಾವ ಬೆಳಿಗ್ಗೆಯಿಂದ ಕಂಪೆನಿಯ ಅಧಿಕಾರಿಯೊಡನೆ ಜಗ್ಗಾಡಿ ಬೆಲೆ ಏರಿಸುತ್ತಲೇ ಇದ್ದರು. ಏರಿದ ಹಾಗೆಲ್ಲ ಅಕ್ಕನ ಚಹಾದಲ್ಲಿ ಸಕ್ಕರೆಯೂ ಏರುತ್ತಿತ್ತು!

ಅಷ್ಟರಲ್ಲಿ ಅಧಿಕಾರಿ ಕೇಳಿದರು: "ಒಂದಷ್ಟು ಐಸು ದುಡ್ಡಿಲ್ಲದೆ ಹೊರಗೆ ಹೋಗುತ್ತಿದೆಯಲ್ಲ?"

"ಅದ್ ಸಾವಿನ್ ಮನಿಗೆ," ಎಂದರು ಬಾವ. "ಮುಂಬೈಯಗಿಪ್ಪ ಮಕ್ಳ್ ಬಂದ್ ಮುಟ್ಟುವರಿಗೆ ಹೆಣ ಕೆಡ್ದಂಗೆ ಇಡ್ಕಲೆ? ಅಪ್ಪಯ್ಯನ್ ಕಾಲದಿಂದ್ಲೂ ಅದಕ್ಕೆ ದುಡ್ಡ್ ತಕಂಡದ್ದಿಲ್ಲೆ."

"ನಿಲ್ಲಿಸಿಬಿಡಿ. ಲಾಭ ಹೆಚ್ಚುತ್ತದೆ, ನಾವು ಕೊಡುವ ಬೆಲೆಯೂ ಹೆಚ್ಚುತ್ತದೆ."

ಮಾವ ಈಗ ಹಿಗ್ಗಿ ಹಾರುತ್ತಾರೆ ಎಂದುಕೊಂಡೆ. ಅವರು ಪೆನ್ನು ಕೆಳಗಿಟ್ಟರು. "ಬ್ಯಾಡ. ಬೆಲಿ ಕಮ್ಮಿ ಮಾಡಿ. ಸಾವಿನ್ ಮನಿಗೆ ಐಸ್ ಧರ್ಮಕ್ಕೇ ಕೊಡ್ಕ್ ಅಂದೇಳಿ ಕರಾರಿನಗೆ ಬರ್ಸಿ."

ಮಾವ ಬೆಲೆ ಇಳಿಸುವುದೇ! ಅದೂ ನಮ್ಮದೇ ಕಡೆಯದ್ದು! ಅಕ್ಕ ಅಡುಗೆಮನೆಯಿಂದ ಓಡಿಬಂದಳು. "ಮಾವಾ, ನೀವ್ ನಮ್ಮ್ ಕಡಿಯರಾ, ಅವ್ರ್ ಕಡಿಯರಾ?"

ಮಾವ ಬಾವನತ್ತ ತಿರುಗಿದರು. "ನಿಂಗೆ ಲುಕ್ಸಾನ್ ಆತ್ತ್, ಗೊತ್ತಿತ್ತ್. ನೀನೇ ಹೇಳ್."

ಬಾವ ಕರಾರಿನ ಹಾಳೆಯನ್ನು ಅಧಿಕಾರಿಯತ್ತ ಸರಿಸಿ, "ಬರ್ಸಿ" ಎಂದರು.

ಅಧಿಕಾರಿಗೆ ತಲೆಬುಡ ಅರ್ಥವಾಗಲಿಲ್ಲ. "ಇದರಿಂದ ನಿಮಗೇನು ಬಂತು?" ಎಂದು ಮಾವನನ್ನೇ ಕೇಳಿದರು.

ತಮ್ಮ ತಾಯಿಯ ಮಾತನ್ನು ಮಾವ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ನಮ್ಮ್ ಅಬ್ಬಿ ಹೋದಾಗ ನಾ ಬೊಂಬಾಯಂಗಿದ್ದೆ. ಮಳಿಗೆ ರಸ್ತಿ ಕಟ್ಟಾಯಿ ಬಸ್ಸ್ ತಡ ಆಯ್ತ್. ನಾ ಬಪ್ಪುವರಿಗೂ ಇಲ್ಲಿನ್ ಐಸಂಗೇ ಮನ್ಸಿದ್ರ್." ಮಾವ ಅಂಗೈಯನ್ನು ನೋಡಿಕೊಂಡರು. "ಕೆನ್ನಿ ಮುಟ್ಟಿ ಕಂಡೆ. ತಣ್ಣಗಿತ್ತ್. ಆದ್ರೂ ಅಬ್ಬಿ ಮುಖ ಹಾಂಗೇ ಇತ್ತ್."