ಅತ್ತಿಗೆಯ ಒಂದು ಚಮಚ ತೀರ್ಥ

ನನ್ನ ಅತ್ತಿಗೆ, ಅಂದರೆ ಗಂಡನ ಅಕ್ಕನ ಕೈಯಿಂದ ಬಾಯಿಗೆ ಏನನ್ನೂ ಹಾಕಿಸಿಕೊಳ್ಳದೆ ಪಾರಾದವರು ಹಿರೇಗುಂಟನೂರಿನಲ್ಲಿ ಇನ್ನೂ ಹುಟ್ಟಿಲ್ಲ! ಕರೆಂಟು ಮೀಟರ್ ಓದಲು ಬಂದವನಿಗೆ ಮಜ್ಜಿಗೆ, ದಾರಿ ಕೇಳಿದವರಿಗೆ ರೊಟ್ಟಿ. ಹಲ್ಲು ಕೀಳಿಸಿಕೊಂಡು ಬಂದ ನನಗೆ, ಬಾಯಲ್ಲಿನ್ನೂ ಹತ್ತಿ ಇರುವಾಗಲೇ, ಶೇಂಗಾ ಉಂಡೆ! ಇದನ್ನೆಲ್ಲ ಎಷ್ಟೋ ವರ್ಷ ಸಹಿಸಿದೆ. ಆದರೆ ಆಸ್ಪತ್ರೆಯಲ್ಲೂ ಸಹಿಸಬೇಕೇ?

ನಮ್ಮ ಯಜಮಾನರು ಬೈಕಿನಿಂದ ಬಿದ್ದು, ತಲೆಗೆ ಆಪರೇಷನ್ ಆಗಿ ಐಸಿಯುನಲ್ಲಿದ್ದರು. ಮೂಗಿನಲ್ಲಿ ಆಹಾರದ ನಳಿಕೆ, ಹಾಸಿಗೆಯ ತಲೆಭಾಗ ಸದಾ ಎತ್ತರದಲ್ಲಿ. ನರ್ಸ್ ನಮಗೆಲ್ಲ ಬಿಡಿಸಿ ಹೇಳಿದ್ದರು: ಪೂರ್ತಿ ಎಚ್ಚರವಿಲ್ಲ, ಗಂಟಲಿಗೆ ನುಂಗುವುದು ಮರೆತಿದೆ, ಕೆಮ್ಮುವ ಶಕ್ತಿಯೂ ಇಲ್ಲ, ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. ಅತ್ತಿಗೆ ತಲೆಯಾಡಿಸಿದರು. ಅದನ್ನು ನಂಬಿದೆನಲ್ಲ, ನನಗೇನು ಹೇಳಬೇಕು!

ಮರುದಿನ ಭೇಟಿಯ ವೇಳೆಗೆ ನಾನು ಹೋಗುವಷ್ಟರಲ್ಲಿ ಅವರು ಒಳಗಿದ್ದರು. ಸೆರಗಿನಲ್ಲಿ ಮುಚ್ಚಿ ತಂದ ಸೀಸೆ ಸೋರಿ ಅದರ ಒಂದು ತುದಿ ಒದ್ದೆಯಾಗಿತ್ತು. ಕತ್ತು ನೋಯುತ್ತದೆಂದು ಹಿಡಿಕೆ ತಿರುಗಿಸಿ ಹಾಸಿಗೆಯನ್ನು ಮಟ್ಟಸ ಮಾಡಿಯೂ ಆಗಿತ್ತು! ಚಮಚ ತಮ್ಮನ ತುಟಿಯ ಹತ್ತಿರವಿತ್ತು. ಓಡಿಹೋಗಿ ಕೈ ಹಿಡಿದೆ. ಹಾಲುರಾಮೇಶ್ವರದ ತೀರ್ಥವಂತೆ.

“ಒಂದೇ ಚಮಚ ಕಣವ್ವ. ದೇವರ ನೀರು ಏನ್ ಮಾಡ್ತೈತೆ?”

ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದ ನನ್ನ ಮೆತ್ತನೆಯ ದನಿ ಅವತ್ತು ಎಲ್ಲಿ ಹೋಯಿತೋ.

“ಅತ್ತಿಗೆ, ಮಲಗಿದ ಕುರಿಗೆ ಗೊಟ್ಟ ಹಾಕ್ತೀರಾ ನೀವು?”

ಕುರಿ ಸಾಕುವ ಮನೆ ಅವರದು. ಬಿದಿರಿನ ಗೊಟ್ಟದಲ್ಲಿ ಔಷಧಿ ಕುಡಿಸುವಾಗ ಕುರಿಯನ್ನು ನಿಲ್ಲಿಸಿಕೊಂಡು, ಕತ್ತು ತೀರ ಎತ್ತದೆ, ಗುಟುಕು ಗುಟುಕಾಗಿ ಹಾಕುವುದನ್ನು ನಾನೇ ಕಂಡಿದ್ದೆ.

ಚಮಚ ಅಲ್ಲೇ ನಿಂತಿತು. “ಮಲಗಿಸಿ ಹಾಕಿದ್ರೆ ಪುಪ್ಪುಸಕ್ಕೆ ಹೋಗ್ತೈತೆ,” ಎಂದು ತಮಗೆ ತಾವೇ ಹೇಳಿಕೊಂಡರು. ಶ್ವಾಸಕೋಶಕ್ಕೆ ಅವರ ಮಾತು ಅದು. ತೀರ್ಥವನ್ನು ತಮ್ಮನ ಅಂಗೈಗೆ ಸವರಿ, ಹಾಸಿಗೆಯ ಹಿಡಿಕೆಯನ್ನು ವಾಪಸು ತಿರುಗಿಸತೊಡಗಿದರು.

ಅಲ್ಲಿಗೆ ಮುಗಿಯಿತೇ? ಇನ್ನೊಂದು ಕಾಟ ಶುರುವಾಯಿತು! ಹಾಸಿಗೆ ಒಂದಿಷ್ಟು ತಗ್ಗಿದಂತೆ ಕಂಡರೆ ಡಾಕ್ಟರನ್ನೇ ತಡೆದು, ಮೊದಲು ತಲೆ ಎತ್ರಿ ಎನ್ನುವರು. ಹೊರಗೆ ಬೆಂಚಿನ ಮೇಲೆ ಅಡ್ಡಾಗಿ ಬಾಳೆಹಣ್ಣು ತಿನ್ನುತ್ತಿದ್ದ ಯಾರದೋ ಮನೆಯ ಅಜ್ಜನನ್ನು ಎಬ್ಬಿಸಿ ಕೂರಿಸಿದರು. ಕಾಫಿ ಕುಡಿಯುತ್ತ ಮಾತಾಡಿದರೆ ನನಗೂ ಗದರಿಕೆ. ಯಾರಿಗೂ ತಿನ್ನಿಸದೆ ಬಿಡದಿದ್ದವರು ಈಗ ಯಾರನ್ನೂ ನೆಮ್ಮದಿಯಾಗಿ ತಿನ್ನಗೊಡುತ್ತಿರಲಿಲ್ಲ!

ಕೊನೆಗೂ ನಮ್ಮ ಯಜಮಾನರಿಗೆ ಎಚ್ಚರ ಬಂತು. ಡಾಕ್ಟರು ನುಂಗುವ ಪರೀಕ್ಷೆ ಮಾಡಿ, ಗಟ್ಟಿ ಗಂಜಿ ಕೊಡಬಹುದೆಂದರು. ನಾನು ಚಮಚವನ್ನು ಅತ್ತಿಗೆಯ ಕಡೆ ಚಾಚಿದೆ. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

“ನೀನೇ ಹಾಕವ್ವ. ನನ್ನ ಕೈ ದುಡುಕ್ತೈತೆ.”

ಇವರನ್ನು ನೆಟ್ಟಗೆ ಕೂರಿಸಿ, ಗದ್ದ ತಗ್ಗಿಸಿ, ಅರ್ಧ ಚಮಚ ಹಾಕಿದೆ. ಕೆಮ್ಮಲಿಲ್ಲ. ತಿರುಗಿ ನೋಡಿದರೆ, ಅತ್ತಿಗೆಯ ಬಾಯಿ ತಾನಾಗಿಯೇ ತೆರೆದುಕೊಂಡಿತ್ತು. ತಮ್ಮನ ಗಂಟಲು ಮೇಲೆದ್ದು ಇಳಿದಾಗ ಅವರ ಗಂಟಲೂ ಹಾಗೆಯೇ ಎದ್ದು ಇಳಿಯಿತು.

ಎರಡನೆಯ ಚಮಚಕ್ಕೆ ಅತ್ತಿಗೆಯ ಕೈಯನ್ನು ಬೆನ್ನ ಹಿಂದಿನಿಂದ ಎಳೆದು ತಂದು, ಚಮಚದ ಸಮೇತ ನನ್ನ ಕೈಯೊಳಗೆ ಇಟ್ಟುಕೊಂಡೆ.